ಹಳೆಯ ಕಾರಿನ ಚುಕ್ಕಾಣಿಯ ಎಣ್ಣೆ

ಎಂಜಿನ್ ನಿಲ್ಲಿಸಿದ ಕಾರಿನ ಚುಕ್ಕಾಣಿ ಚಕ್ರವನ್ನು ತಿರುಗಿಸಲು ಯತ್ನಿಸಿದವರಿಗೆ ಅದು ಎಷ್ಟು ಶ್ರಮದ ಕೆಲಸವೆಂಬುದು ಗೊತ್ತು. ಎಂಜಿನ್ ನಡೆಯತೊಡಗಿದೊಡನೆ ಅದೇ ಚಕ್ರ ಎರಡು ಬೆರಳುಗಳಿಗೆ ಮಣಿಯುವುದು. ಚಾಲಕನ ತೋಳಿಗೆ ಈ ಬಲ ಬಂದುದು ಎಲ್ಲಿಂದ? ಈಚಿನ ಕಾರುಗಳಲ್ಲಿ ಬಹುಮಟ್ಟಿಗೆ ವಿದ್ಯುತ್ ಮೋಟಾರಿನಿಂದ. ಹದಿನೈದು ಇಪ್ಪತ್ತು ವರ್ಷ ಓಡಿದ ಅನೇಕ ಕಾರುಗಳಲ್ಲಾದರೋ ಸುಮಾರು ಒಂದು ಲೀಟರು ಎಣ್ಣೆಯಿಂದ. ಎಂಜಿನ್ನಿನ ಎಣ್ಣೆಯನ್ನು ತಪ್ಪದೆ ಬದಲಾಯಿಸುವವರೂ ಈ ಎಣ್ಣೆಯನ್ನು ಮರೆಯುವುದುಂಟು. ಇದನ್ನು ಏಕೆ ಬದಲಾಯಿಸಬೇಕು, ಹೇಗೆ ಬದಲಾಯಿಸಬೇಕು ಎಂಬುದನ್ನು ವಿಚಾರಿಸೋಣ.

ಮುಚ್ಚಿದ ಪಾತ್ರೆಯಲ್ಲಿರುವ ದ್ರವದ ಮೇಲೆ ಒಂದೆಡೆ ಹೇರಿದ ಒತ್ತಡವು ಕುಂದದೆ ಎಲ್ಲ ದಿಕ್ಕುಗಳಿಗೂ ಹರಡುವುದೆಂದು ಹದಿನೇಳನೆಯ ಶತಮಾನದಲ್ಲಿ ಫ್ರಾನ್ಸಿನ ಪ್ಯಾಸ್ಕಲ್ ತಿಳಿಸಿದನು. ಅಮೆರಿಕದ ಫ್ರಾನ್ಸಿಸ್ ಡೇವಿಸ್ ಎಂಬ ಎಂಜಿನಿಯರು ೧೯೨೦ರ ದಶಕದಲ್ಲಿ ಈ ತತ್ತ್ವವನ್ನು ಮೋಟಾರು ವಾಹನದ ಚುಕ್ಕಾಣಿಗೆ ಅಳವಡಿಸಿದನು. ೧೯೫೧ರಲ್ಲಿ ಕ್ರೈಸ್ಲರ್ ಕಂಪೆನಿಯು ತನ್ನ ಇಂಪೀರಿಯಲ್ ಕಾರಿನಲ್ಲಿ ಇಂಥ ಪವರ್ ಸ್ಟಿಯರಿಂಗನ್ನು ಮಾರುಕಟ್ಟೆಗೆ ತಂದಿತು. ಇದರಲ್ಲಿ ಎಂಜಿನ್ನಿನ ಪಟ್ಟಿಯಿಂದ ತಿರುಗುವ ಪಂಪು ಎಣ್ಣೆಯನ್ನು ಒತ್ತುವುದು. ಚಾಲಕನು ಚಕ್ರವನ್ನು ತುಸು ತಿರುಗಿಸಿದೊಡನೆ ಒಂದು ಕವಾಟವು ಸರಿದು, ಆ ಎಣ್ಣೆಯನ್ನು ಪಿಸ್ಟನ್ನಿನ ಒಂದು ಮಗ್ಗುಲಿಗೆ ಬಿಡುವುದು. ಒತ್ತಡವು ಚದರ ಸೆಂಟಿಮೀಟರಿಗೆ ೭೦ ಕಿಲೋಗ್ರಾಂ ಭಾರದಷ್ಟೂ ಪಿಸ್ಟನ್ನಿನ ವಿಸ್ತೀರ್ಣ ೮ ಚದರ ಸೆಂಟಿಮೀಟರೂ ಇವೆಯೆನ್ನಿ. ಆಗ ಗಾಲಿಗಳನ್ನು ಹೊರಳಿಸಲು ೫೬೦ ಕಿಲೋಗ್ರಾಂ ಭಾರಕ್ಕೆ ಸಮನಾದ ಬಲ ದೊರೆಯಿತು.

ಇಷ್ಟು ದುಡಿಯುವ ಎಣ್ಣೆ ಮುಪ್ಪಾಗದಿರಲಾರದು. ಕಾವೇರಿದಾಗ ಅದು ಗಾಳಿಯ ಆಮ್ಲಜನಕದೊಡನೆ ಸೇರಿ ಕೆಡುವುದು, ಅಂಟುಮಡ್ಡಿ ಹುಟ್ಟುವುದು. ಪಂಪಿನಿಂದ ಸವೆದ ಲೋಹದ ನುಣ್ಣನೆಯ ಪುಡಿಯೂ ರಬ್ಬರಿನ ಕಣಗಳೂ ಅದರಲ್ಲಿ ತೇಲಾಡುವುವು. ಕೆಂಪಾಗಿಯೋ ಹೊಂಬಣ್ಣವಾಗಿಯೋ ಇದ್ದ ಎಣ್ಣೆ ಕಪ್ಪಾಗುವುದು. ಈ ಕೊಳೆ ಪಂಪನ್ನೂ ಕವಾಟವನ್ನೂ ಮತ್ತಷ್ಟು ಸವೆಸುವುದು. ಪಂಪು ಕೈಕೊಟ್ಟರೆ ಗಾಲಿಗಳೊಡನೆ ಚುಕ್ಕಾಣಿಗಿರುವ ಜೋಡಣೆ ಕಳಚದು, ನಿಜ. ಆದರೆ ತಿರುವಿನ ನಡುವೆ ಚಕ್ರವು ಹಠಾತ್ತಾಗಿ ಬಿಗಿದರೆ ಚಾಲಕನು ದಾರಿ ತಪ್ಪಬಹುದು.

ಹಲವರು ತೊಟ್ಟಿಯಲ್ಲಿರುವ ಎಣ್ಣೆಯನ್ನಷ್ಟೆ ಹೀರಿ ತೆಗೆದು, ಹೊಸದನ್ನು ತುಂಬಿ, ಕೆಲಸ ಮುಗಿಯಿತೆಂದು ತಿಳಿಯುತ್ತಾರೆ. ಇಲ್ಲಿ ಸ್ವಲ್ಪ ಗಣಿತ ಬೇಕು. ಒಟ್ಟು ಒಂದು ಲೀಟರಿನಲ್ಲಿ ತೊಟ್ಟಿಯ ಪಾಲು ೩೦೦ ಮಿಲಿಲೀಟರು ಎಂದುಕೊಳ್ಳೋಣ. ಮೊದಲ ಬಾರಿ ಬದಲಾಯಿಸಿದಾಗ ಶೇಕಡಾ ೭೦ ಹಳೆಯ ಎಣ್ಣೆ ಒಳಗೇ ಉಳಿಯಿತು. ಎರಡೂ ಬೆರೆತ ಬಳಿಕ ಮತ್ತೆ ಬದಲಾಯಿಸಿದರೆ ೭೦ರಲ್ಲಿ ಶೇಕಡಾ ೭೦, ಎಂದರೆ ೪೯ ಉಳಿಯುವುದು. ಮೂರನೆಯ ಸಲಕ್ಕೆ ೩೪. ಏಳು ಸಲ ಮಾಡಿದರೂ ಶೇಕಡಾ ೮ರಷ್ಟು ಉಳಿದೇ ಇರುವುದು. ಖರ್ಚಾದ ಹೊಸ ಎಣ್ಣೆಯಾದರೋ ೨ ಲೀಟರಿಗೂ ಮಿಗಿಲು!

ಆದುದರಿಂದ ಬೆರೆಸುವುದಕ್ಕಿಂತ ಹೊರದೂಡುವುದು ಮೇಲು. ಕಾರಿನ ಕೈಪಿಡಿಯನ್ನು ಮೊದಲು ಓದತಕ್ಕದ್ದು. ಎಂಜಿನ್ ತಣಿದ ಮೇಲೆ ಮುಂದಿನ ಗಾಲಿಗಳನ್ನು ನೆಲದಿಂದೆತ್ತಿ, ಭದ್ರವಾದ ಆಧಾರಗಳ ಮೇಲೆ ಕಾರನ್ನು ನಿಲ್ಲಿಸಬೇಕು. ಬರಿಯ ಜಾಕನ್ನು ನಂಬಕೂಡದು. ಎಣ್ಣೆ ತೊಟ್ಟಿಗೆ ಹಿಂದಿರುಗುವ ಕೊಳವೆಯನ್ನು ಕಳಚಿ, ಅದರ ತುದಿಯನ್ನು ಒಂದು ಸೀಸೆಯೊಳಕ್ಕೆ ಇಳಿಬಿಟ್ಟು, ತೊಟ್ಟಿಯ ಆ ಬಾಯಿಗೆ ಬಿರಡೆ ಹಾಕಬೇಕು. ಎಂಜಿನ್ ನಡೆಸದೆ ಚುಕ್ಕಾಣಿಯನ್ನು ಈ ಕೊನೆಯಿಂದ ಆ ಕೊನೆಗೆ ನಿಧಾನವಾಗಿ ತಿರುಗಿಸಿದರೆ ಹಳೆಯ ಎಣ್ಣೆ ಸ್ವಲ್ಪ ಸ್ವಲ್ಪವಾಗಿ ಸೀಸೆಗೆ ಬರುವುದು. ಜೊತೆಗಾರನೊಬ್ಬನು ತೊಟ್ಟಿ ಬರಿದಾಗದಂತೆ ಹೊಸ ಎಣ್ಣೆಯನ್ನು ಸುರಿಯುತ್ತಿರಬೇಕು. ತಿಳಿಯಾದ ಎಣ್ಣೆ ಬರತೊಡಗಿದ ಮೇಲೆ ಕೊಳವೆಯನ್ನು ಮೊದಲಿನಂತೆ ಜೋಡಿಸಿ, ತೊಟ್ಟಿಯನ್ನು ಗುರುತಿನವರೆಗೆ ತುಂಬಬೇಕು.

ಇನ್ನುಳಿದ ಶತ್ರು ಗಾಳಿ. ದ್ರವವು ಒತ್ತಿದರೂ ಕುಗ್ಗದೆನ್ನಬಹುದು, ಗಾಳಿ ಕುಗ್ಗುವುದು. ಗುಳ್ಳೆಗಳಿರುವ ಎಣ್ಣೆಯಲ್ಲಿ ಪಂಪು ನರಳುವಂತೆ ಸದ್ದು ಮಾಡುವುದು, ಚುಕ್ಕಾಣಿ ಅದುರುವುದು. ಆದ್ದರಿಂದ ಎಂಜಿನ್ ಹೊತ್ತಿಸುವ ಮುನ್ನ ಚಕ್ರವನ್ನು ಅತ್ತಿತ್ತ ಹಲವು ಬಾರಿ ತಿರುಗಿಸಿ ಗುಳ್ಳೆಗಳನ್ನು ಹೊರಡಿಸಬೇಕು. ಆಮೇಲೂ ಮಟ್ಟವನ್ನು ನೋಡಿಕೊಳ್ಳಬೇಕು. ಎಂಜಿನ್ ನಡೆಯುವಾಗ ಚಕ್ರವನ್ನು ಕೊನೆಯ ಅಂಚಿನಲ್ಲಿ ಕೆಲವು ಸೆಕೆಂಡುಗಳಿಗಿಂತ ಹೆಚ್ಚು ಹೊತ್ತು ಹಿಡಿದರೆ ಎಣ್ಣೆ ಬೇಗ ಕಾಯುವುದು.

ಕೈಪಿಡಿ ಹೇಳಿದ ಜಾತಿಯ ಎಣ್ಣೆಯನ್ನೇ ಬಳಸಬೇಕು. ಬ್ರೇಕಿನ ದ್ರವವನ್ನು ಎಂದಿಗೂ ಸುರಿಯಕೂಡದು; ಅದು ಇಲ್ಲಿನ ರಬ್ಬರು ಬಿರಡೆಗಳನ್ನು ಕೆಡಿಸುವುದು. ಹೊಸ ಎಣ್ಣೆ ಸವೆದ ಪಂಪನ್ನಾಗಲಿ ಸೋರುವ ಬಿರಡೆಯನ್ನಾಗಲಿ ಸರಿಪಡಿಸದೆಂಬುದೂ ನೆನಪಿರಲಿ. ತೆಗೆದ ಎಣ್ಣೆಯನ್ನು ಚರಂಡಿಗೆ ಚೆಲ್ಲದೆ, ಬಳಸಿದ ಎಣ್ಣೆಯನ್ನು ಸಂಗ್ರಹಿಸುವವರಿಗೆ ಒಪ್ಪಿಸತಕ್ಕದ್ದು. ವಾಚಕರಲ್ಲಿ ಯಾರ ಮನೆಯಲ್ಲಾದರೂ ಇಂಥ ಹಳೆಯ ಕಾರಿದ್ದರೆ, ನಾಳೆ ಬೆಳಗ್ಗೆ ಹಿರಿಯರೊಡನೆ ಆ ತೊಟ್ಟಿಯ ಮುಚ್ಚಳ ತೆಗೆದು, ಒಂದು ಬಿಳಿಯ ಕಾಗದದ ಮೇಲೆ ಅದರ ಎಣ್ಣೆಯ ಹನಿಯೊಂದನ್ನು ಬಿಟ್ಟು ಬಣ್ಣವನ್ನು ನೋಡಲಿ.