ಒಂದೇ ಪಾಠ, ಎರಡು ಭಂಡಾರ

ಹತ್ತನೆಯ ಶತಮಾನದ ಕೊನೆಯಲ್ಲಿ ದಾನಚಿಂತಾಮಣಿ ಅತ್ತಿಮಬ್ಬೆಯು ಪೊನ್ನನ ‘ಶಾಂತಿಪುರಾಣ’ಕ್ಕೆ ಸಾವಿರ ಓಲೆಪ್ರತಿಗಳನ್ನು ಮಾಡಿಸಿ ಹಂಚಿದಳೆಂಬ ಸಂಗತಿ ಕನ್ನಡಿಗರಿಗೆಲ್ಲ ತಿಳಿದದ್ದೇ. ಒಂದು ಪ್ರತಿ ಗೆದ್ದಲಿಗೆ ತುತ್ತಾದರೆ ಇನ್ನೊಂದು ಉಳಿಯುತ್ತದೆ. ಆದರೆ ಪ್ರತಿಗಳು ಹೆಚ್ಚಿದಂತೆ ಪಾಠಾಂತರಗಳೂ ಹೆಚ್ಚುತ್ತವೆ. ಒಬ್ಬ ಲಿಪಿಕಾರ ತಿದ್ದಿದ ತಪ್ಪು ಮತ್ತೊಬ್ಬನ ಗರಿಯಲ್ಲಿ ಹಾಗೆಯೇ ನಿಲ್ಲುತ್ತದೆ. ಓಲೆಗರಿ ಹೋಗಿ ಗಣಕಯಂತ್ರ ಬಂದರೂ ಈ ತೊಡಕು ತೀರಿಲ್ಲ.

ನಮ್ಮ ಜಿಲ್ಲೆಯ ಶಾಸನಗಳನ್ನೇ ನೋಡೋಣ. ಬಿ. ಎಲ್. ರೈಸ್ ಅವರು ೧೯೦೪ರಲ್ಲಿ ಇವುಗಳನ್ನು ‘ಎಪಿಗ್ರಾಫಿಯ ಕರ್ನಾಟಿಕ’ದ ಹನ್ನೆರಡನೆಯ ಸಂಪುಟವಾಗಿ ಪ್ರಕಟಿಸಿದರು. ತುಮಕೂರು, ಗುಬ್ಬಿ, ಕುಣಿಗಲ್ ಮೊದಲಾದ ತಾಲ್ಲೂಕುಗಳಿಗೆ ಪ್ರತ್ಯೇಕ ಕ್ರಮಸಂಖ್ಯೆ ಕೊಟ್ಟರು. ಅಂದು ನಾಡಿನಲ್ಲಿ ದಾಖಲಾದ ಎಷ್ಟೋ ಕಲ್ಲುಗಳು ಇಂದು ಕಾಣಸಿಗುವುದಿಲ್ಲ. ಕಲ್ಲು ಹೋದ ಮೇಲೆ ಅದರ ಛಾಯಾಚಿತ್ರ, ಅದರ ಪಾಠ, ಇವೇ ಸಾಕ್ಷಿ.

ಗುಬ್ಬಿಯಲ್ಲೊಬ್ಬರು ಹಳ್ಳಿಹಳ್ಳಿಯ ಶಾಸನಗಳ ಚಿತ್ರ ತೆಗೆದು ಪಾಠ ಬರೆಯುತ್ತಾರೆಂದೂ, ತುಮಕೂರು ನಗರದಲ್ಲಿ ಇನ್ನೊಬ್ಬರು ಅವನ್ನು ಪರಿಶೀಲಿಸುತ್ತಾರೆಂದೂ ಇಟ್ಟುಕೊಳ್ಳಿ. ಇಬ್ಬರ ಭಂಡಾರವೂ ಒಂದೇ ಆಗಿರಬೇಕು. ಪೆನ್ ಡ್ರೈವ್ ಹಿಡಿದು ಬಸ್ಸಿನಲ್ಲಿ ಓಡಾಡಿದರೆ ಒಂದು ವಾರದ ಮರೆವೂ ಸಾಕು, ಪಾಠಗಳು ಬೇರೆಬೇರೆಯಾಗುತ್ತವೆ. ಆದ್ದರಿಂದ ಈ ಕೆಲಸವನ್ನು ಯಂತ್ರಕ್ಕೇ ಒಪ್ಪಿಸುತ್ತಾರೆ. ಬಳಕೆಯ ಮಾತಿನಲ್ಲಿ ಇದಕ್ಕೆ ಸಿಂಕ್ ಎಂದು ಹೆಸರು.

ಯಂತ್ರವು ಗೊತ್ತುಪಡಿಸಿದ ವೇಳೆಗೆ ಎರಡು ಕಡೆಯ ಕಡತಗಳನ್ನೂ ಹೋಲಿಸುತ್ತದೆ. ಸಾಮಾನ್ಯವಾಗಿ ಕಡತದ ಹೆಸರು, ಗಾತ್ರ, ಕೊನೆಯ ಬಾರಿ ತಿದ್ದಿದ ವೇಳೆ, ಇಷ್ಟನ್ನು ನೋಡಿದರೆ ಸಾಕಾಗುತ್ತದೆ. ಹೆಚ್ಚಿನ ಖಚಿತತೆ ಬೇಕಾದರೆ ಕಡತದಲ್ಲಿರುವುದನ್ನೆಲ್ಲ ಲೆಕ್ಕಕ್ಕೆ ಹಿಡಿದು ಒಂದು ಚಿಕ್ಕ ಗುರುತನ್ನು ತೆಗೆಯುತ್ತದೆ. ಇದು ಹ್ಯಾಶ್. ಪಾಠದಲ್ಲಿ ಒಂದು ಕೊಂಬು ಬದಲಾದರೂ ಗುರುತು ಬದಲಾಗುತ್ತದೆ. ಆಸ್ಟ್ರೇಲಿಯದ ಆಂಡ್ರೂ ಟ್ರಿಡ್ಜೆಲ್ ಮತ್ತು ಪಾಲ್ ಮೆಕರಾಸ್ ೧೯೯೬ರಲ್ಲಿ ಹೊರತಂದ ಆರ್‌ಸಿಂಕ್ ಎಂಬ ತಂತ್ರಾಂಶವು ದೊಡ್ಡ ಕಡತವನ್ನು ತುಂಡುತುಂಡಾಗಿ ಹೋಲಿಸಿ, ಬದಲಾದ ತುಂಡುಗಳನ್ನು ಮಾತ್ರ ಕಳುಹಿಸುವ ಉಪಾಯವನ್ನು ಹೂಡಿತು. ಊರುಗಳ ನಿಧಾನಗತಿಯ ಸಂಪರ್ಕಕ್ಕೆ ಇದು ದೊಡ್ಡ ಅನುಕೂಲ.

ಇಷ್ಟೆಲ್ಲ ನಡೆಯಬೇಕಾದರೆ ಕಡತಕ್ಕೆ ಬದಲಾಗದ ಹೆಸರಿರಬೇಕು. ಒಬ್ಬರು ‘ಗುಬ್ಬಿ ೧೨’ ಎಂದೂ ಮತ್ತೊಬ್ಬರು ‘ಕೆರೆಏರಿಯ ಕಲ್ಲು’ ಎಂದೂ ಬರೆದರೆ, ಅವೆರಡೂ ಒಂದೇ ಎಂದು ಯಂತ್ರಕ್ಕೆ ತಿಳಿಯದು. ರೈಸ್ ಅವರ ತಾಲ್ಲೂಕುವಾರು ಸಂಖ್ಯೆಗಳ ಬೆಲೆ ಇಲ್ಲಿ ಗೊತ್ತಾಗುತ್ತದೆ.

ಕಷ್ಟ ಬರುವುದು ಇಬ್ಬರೂ ಒಂದೇ ದಿನ ತಿದ್ದಿದಾಗ. ಸವೆದ ಅಕ್ಷರವೊಂದನ್ನು ಗುಬ್ಬಿಯವರು ‘ಪ’ ಎಂದು ಓದಿದರು, ತುಮಕೂರಿನವರು ‘ವ’ ಎಂದು ಓದಿದರು. ಕೊನೆಗೆ ಬರೆದದ್ದೇ ಸರಿ ಎಂಬ ನಿಯಮವಿದ್ದರೆ ಮೊದಲಿನ ಓದು ಸದ್ದಿಲ್ಲದೆ ಅಳಿಯುತ್ತದೆ. ಒಂದು ಗಣಕದ ಗಡಿಯಾರ ತಪ್ಪಿದ್ದರಂತೂ ಹಳೆಯದೇ ಹೊಸದೆನಿಸಿಕೊಳ್ಳುತ್ತದೆ. ಒಳ್ಳೆಯ ವ್ಯವಸ್ಥೆ ಎರಡನ್ನೂ ಬೇರೆಬೇರೆ ಹೆಸರಿನಲ್ಲಿ ಉಳಿಸಿ, ತೀರ್ಮಾನವನ್ನು ಮನುಷ್ಯನಿಗೆ ಬಿಡುತ್ತದೆ. ಸಂಪಾದಕರು ಪಾಠಾಂತರವನ್ನು ಅಡಿಟಿಪ್ಪಣಿಯಲ್ಲಿ ಕೊಡುವ ಕ್ರಮವೂ ಇದೇ ಅಲ್ಲವೆ?

ಇದಕ್ಕಿಂತ ದೊಡ್ಡ ಅಪಾಯ ಅಳಿಸುವಿಕೆಯದು. ಒಂದು ಕಡೆ ಕೈತಪ್ಪಿ ಅಳಿಸಿದ ಚಿತ್ರವನ್ನು, ಆಜ್ಞೆ ಹಾಗಿದ್ದರೆ, ಯಂತ್ರವು ಇನ್ನೊಂದು ಕಡೆಯೂ ನಿಷ್ಠೆಯಿಂದ ಅಳಿಸುತ್ತದೆ. ಬೇಲಿಯೇ ಎದ್ದು ಹೊಲ ಮೇಯ್ದಂತೆ! ಸಮಗೊಳಿಸುವುದು ಬೇರೆ, ಕಾಪಿಡುವುದು ಬೇರೆ. ಆದ್ದರಿಂದ ಮೂರನೆಯ ಪ್ರತಿಯೊಂದು ಕುಣಿಗಲ್ಲಿನಲ್ಲಿರಲಿ. ಅದು ಈ ಸಿಂಕಿಗೆ ಸೇರದೆ, ತಿಂಗಳಿಗೊಮ್ಮೆ ದಿನಾಂಕ ಹಾಕಿ ಇಟ್ಟ ಪ್ರತಿಯಾಗಿರಬೇಕು. ಹೊಸದು ಬಂದಿತೆಂದು ಹಳೆಯದನ್ನು ತೆಗೆಯಬಾರದು. ಆಗಾಗ ಅಲ್ಲಿಂದ ಕೆಲವು ಕಡತಗಳನ್ನು ಹೊರತೆಗೆದು, ತೆರೆದು, ಹ್ಯಾಶ್ ತಾಳೆ ನೋಡಬೇಕು. ಊರಿನ ಶಾಸನಗಳನ್ನು ದಾಖಲಿಸುವ ಉತ್ಸಾಹಿಗಳು ಮೊದಲ ಚಿತ್ರ ತೆಗೆಯುವ ಮುನ್ನವೇ ಹೆಸರಿಡುವ ಕ್ರಮವನ್ನೂ ಈ ಮೂರು ನೆಲೆಗಳನ್ನೂ ನಿಶ್ಚಯಿಸಿಕೊಂಡರೆ ಮುಂದಿನ ಕೆಲಸ ಹಗುರವಾಗುತ್ತದೆ.