ನಾಯಿಯ ಒಡೆಯನೂ ಊರಿನ ಉದ್ಯಾನವೂ

ಬೆಂಗಳೂರಿನ ಕಬ್ಬನ್ ಪಾರ್ಕಿನ ಅಂಚಿನಲ್ಲಿ ಸರ್ಕಾರಿ ವಸ್ತುಸಂಗ್ರಹಾಲಯದ ಕೆಂಪು ಕಟ್ಟಡವಿದೆ. ಅದರ ಸಂಗ್ರಹದಲ್ಲಿ ಮಂಡ್ಯ ಜಿಲ್ಲೆಯ ಆತಕೂರಿನಿಂದ ತಂದ ಒಂದು ಶಿಲಾಶಾಸನವುಂಟು. ಕ್ರಿ. ಶ. 949-50ರ ಆ ಕಲ್ಲಿನ ಮೇಲೆ ಒಂದು ನಾಯಿಯೂ ಒಂದು ಕಾಡುಹಂದಿಯೂ ಹೋರಾಡುತ್ತಿರುವ ಚಿತ್ರವನ್ನು ಕೆತ್ತಿದ್ದಾರೆ. ಗಂಗರ ಇಮ್ಮಡಿ ಬೂತುಗನ ಕಾಲದ ವೀರನಾದ ಮಣಲೆರನು ಯುದ್ಧದಲ್ಲಿ ತೋರಿದ ಪರಾಕ್ರಮಕ್ಕೆ ಬಹುಮಾನವಾಗಿ 'ಕಾಳಿ' ಎಂಬ ಬೇಟೆನಾಯಿಯನ್ನು ಪಡೆದನು. ಮುಂದೆ ಬೇಟೆಯೊಂದರಲ್ಲಿ ಕಾಳಿಯೂ ಅದು ಎದುರಿಸಿದ ಹಂದಿಯೂ ಒಟ್ಟಿಗೆ ಮಡಿದವು. ಮಣಲೆರನು ತನ್ನ ನಾಯಿಯ ನೆನಪಿಗಾಗಿ ಕಲ್ಲನ್ನು ನಿಲ್ಲಿಸಿ, ಭೂಮಿಯನ್ನೂ ದತ್ತಿಯಾಗಿ ಬಿಡಿಸಿದನು. ಒಡೆಯನೊಬ್ಬನು ತನ್ನ ನಾಯಿಯ ಹೊಣೆಯನ್ನು ಅದರ ಮರಣಾನಂತರವೂ ಹೊತ್ತುದಕ್ಕೆ ಇದಕ್ಕಿಂತ ಒಳ್ಳೆಯ ಸಾಕ್ಷಿ ನಮ್ಮ ನಾಡಿನಲ್ಲಿ ದೊರೆಯಲಾರದು.

ಆ ಸಂಗ್ರಹಾಲಯದ ಬೆನ್ನಿಗೇ ಇರುವ ಉದ್ಯಾನಕ್ಕೆ ಈಗ ಒಂದು ಮುಂಜಾನೆ ಹೋಗೋಣ. 1870ರಲ್ಲಿ ಮೈಸೂರು ಸಂಸ್ಥಾನದ ಮುಖ್ಯ ಇಂಜಿನಿಯರಾಗಿದ್ದ ರಿಚರ್ಡ್ ಸ್ಯಾಂಕಿಯವರು ಯೋಜಿಸಿದ ಈ ತೋಟದಲ್ಲಿ ಮುದುಕರು ನಡೆಯುತ್ತಾರೆ, ತರುಣರು ಓಡುತ್ತಾರೆ, ಮಕ್ಕಳು ಹುಲ್ಲಿನಲ್ಲಿ ಹೊರಳುತ್ತಾರೆ. ಇವರ ನಡುವೆ ಬಗೆಬಗೆಯ ಸಾಕುನಾಯಿಗಳೂ ತಮ್ಮ ಒಡೆಯರೊಡನೆ ಬರುತ್ತವೆ. ನೋಟವೇನೋ ಹಿತವಾದದ್ದು. ಆದರೆ ಒಂದು ನಾಯಿ ಮರದ ಮರೆಯಲ್ಲಿ ಕುಳಿತು ಮಲ ವಿಸರ್ಜಿಸುತ್ತದೆ. ಒಡೆಯನು ಅತ್ತಿತ್ತ ನೋಡಿ ಮುಂದೆ ಸಾಗುತ್ತಾನೆ. ಕೇಳಿದರೆ, "ಮಣ್ಣಿಗೆ ಗೊಬ್ಬರವಾಯಿತಲ್ಲ!" ಎನ್ನುತ್ತಾನೆ. ಇನ್ನೊಂದು ನಾಯಿಯ ಸರಪಳಿಯನ್ನು ಬಿಚ್ಚಲಾಗಿದೆ. ಅದು ಮಗುವೊಂದರ ಕಡೆಗೆ ನೆಗೆಯುತ್ತದೆ. "ಹೆದರಬೇಡಿ, ಅದು ಏನೂ ಮಾಡುವುದಿಲ್ಲ" ಎಂದು ಅದರ ಒಡತಿ ದೂರದಿಂದಲೇ ಕೂಗುತ್ತಾಳೆ.

ಈ ಎರಡು ಮಾತುಗಳಲ್ಲಿ ಸತ್ಯವೆಷ್ಟು? ಸಭ್ಯತೆಯ ಪ್ರಶ್ನೆಯನ್ನು ಸ್ವಲ್ಪ ಹೊತ್ತು ಬದಿಗಿಟ್ಟು, ಜೀವವಿಜ್ಞಾನವು ಇವಕ್ಕೆ ಏನು ಉತ್ತರ ಕೊಡುತ್ತದೆಂಬುದನ್ನು ಮೊದಲು ವಿಚಾರಿಸೋಣ.

ಗೊಬ್ಬರವೆಂಬ ಭ್ರಮೆ

ಸಗಣಿಯನ್ನು ಕಂಡು ಬೆಳೆದ ನಮಗೆ ಪ್ರಾಣಿಯ ಮಲವೆಂದರೆ ಗೊಬ್ಬರವೆಂಬ ಭಾವನೆ ಸಹಜ. ಆದರೆ ಹಸುವು ಹುಲ್ಲು ತಿನ್ನುವ ಪ್ರಾಣಿ. ಅದು ನೆಲದಿಂದ ಪಡೆದುದನ್ನೇ ನೆಲಕ್ಕೆ ಹಿಂದಿರುಗಿಸುತ್ತದೆ. ಅದರ ಸಗಣಿಯನ್ನು ಸಹ ನಮ್ಮ ರೈತರು ಹಸಿಯಾಗಿ ಬೆಳೆಗೆ ಹಾಕುವುದಿಲ್ಲ. ತಿಪ್ಪೆಯಲ್ಲಿ ತಿಂಗಳುಗಟ್ಟಲೆ ಕೊಳೆಯಿಸಿ ಬಳಿಕ ಉಪಯೋಗಿಸುತ್ತಾರೆ. ನಾಯಿಯಾದರೋ ಮನೆಯಲ್ಲಿ ಮಾಂಸ, ಮೊಟ್ಟೆ, ಅಂಗಡಿಯ ಆಹಾರಗಳನ್ನು ತಿಂದು, ಅವುಗಳ ಶೇಷವನ್ನು ಉದ್ಯಾನಕ್ಕೆ ತಂದು ಸುರಿಯುತ್ತದೆ. ಬೆಲ್ಜಿಯಂ ದೇಶದ ಗೆಂಟ್ ನಗರದ ಬಳಿಯ ರಕ್ಷಿತ ನಿಸರ್ಗಪ್ರದೇಶಗಳಲ್ಲಿ ವಿಜ್ಞಾನಿಗಳು ನಾಯಿಗಳನ್ನು ಎಣಿಸಿ ಲೆಕ್ಕ ಹಾಕಿ, 2022ರಲ್ಲಿ ಫಲಿತಾಂಶವನ್ನು ಪ್ರಕಟಿಸಿದರು. ನಾಯಿಗಳ ಮಲಮೂತ್ರಗಳಿಂದ ಪ್ರತಿ ಹೆಕ್ಟೇರಿಗೆ ವರ್ಷಕ್ಕೆ ಸುಮಾರು 11 ಕಿಲೋಗ್ರಾಂ ಸಾರಜನಕವೂ 5 ಕಿಲೋಗ್ರಾಂ ರಂಜಕವೂ ನೆಲಕ್ಕೆ ಸೇರುತ್ತಿದ್ದವು. ನೆಲವು ಬೇಡದೆ ಇದ್ದ ಈ ಸಾರದಿಂದ ಸೊಕ್ಕಿ ಬೆಳೆಯುವ ಕೆಲವೇ ಗಿಡಗಳು ಉಳಿದ ನಾಜೂಕಿನ ಸಸ್ಯಗಳನ್ನು ಮುಚ್ಚಿಬಿಡುತ್ತವೆ. ರಂಜಕದ ಬಹುಪಾಲು ಮಲದಲ್ಲಿಯೇ ಇರುವುದರಿಂದ, ಅದನ್ನು ಎತ್ತಿಕೊಂಡು ಹೋದರೆ ಆ ಹೊರೆಯು ಹೆಚ್ಚುಕಡಿಮೆ ಪೂರ್ತಿಯಾಗಿ ಇಳಿಯುತ್ತದೆಂದೂ ಅವರು ಗಣಿಸಿದರು.

ಆದರೆ ಸಸ್ಯಗಳಿಗಾಗುವ ಹಾನಿಗಿಂತ ದೊಡ್ಡದಾದ ವಿಷಯ ಇನ್ನೊಂದಿದೆ.

ತತ್ತಿಯ ಗಡಿಯಾರ

ನಾಯಿಯ ಸಣ್ಣ ಕರುಳಿನಲ್ಲಿ ಟಾಕ್ಸೋಕಾರ ಕ್ಯಾನಿಸ್ ಎಂಬ ದುಂಡುಹುಳು ವಾಸಿಸುತ್ತದೆ. ಪೂರ್ಣ ಬೆಳೆದ ಹೆಣ್ಣುಹುಳು ಹತ್ತು ಸೆಂಟಿಮೀಟರಿಗೂ ಮೀರಿ ಉದ್ದವಾಗಬಲ್ಲದು. ಒಂದು ದಿನಕ್ಕೆ ಲಕ್ಷಕ್ಕೂ ಮಿಕ್ಕಿ ತತ್ತಿಗಳನ್ನು ಇಡಬಲ್ಲದು. ತಾಯಿನಾಯಿಯ ಅಂಗಾಂಶಗಳಲ್ಲಿ ಮಲಗಿದ್ದ ಮರಿಹುಳುಗಳು ಅದು ಗಬ್ಬವಾದಾಗ ಎಚ್ಚೆತ್ತು, ಗರ್ಭದಲ್ಲಿರುವ ಮರಿಗಳನ್ನು ಸೇರುತ್ತವೆ. ಆದುದರಿಂದ ಎಷ್ಟೋ ನಾಯಿಮರಿಗಳು ಹುಳುವನ್ನು ಹೊತ್ತುಕೊಂಡೇ ಹುಟ್ಟುತ್ತವೆ. ನೋಡಲು ಮುದ್ದಾದ ಮರಿಯೇ ಹೆಚ್ಚು ತತ್ತಿಗಳನ್ನು ಹೊರಹಾಕುವುದುಂಟು.

ಇಲ್ಲಿ ವಾಚಕರು ಗಮನಿಸಬೇಕಾದ ಸಂಗತಿಯೊಂದಿದೆ. ಮಲದೊಡನೆ ಆಗತಾನೆ ಹೊರಬಿದ್ದ ತತ್ತಿಯು ಯಾರಿಗೂ ರೋಗವನ್ನು ತರಲಾರದು. ಅದರೊಳಗೆ ಮರಿಹುಳು ರೂಪುಗೊಳ್ಳಬೇಕು. ಅದಕ್ಕೆ ಉಷ್ಣತೆ, ತೇವ ಮತ್ತು ಕಾಲ ಈ ಮೂರೂ ಬೇಕು. ಹವೆಗೆ ತಕ್ಕಂತೆ ಒಂದರಿಂದ ನಾಲ್ಕು ವಾರಗಳು ಹಿಡಿಯುತ್ತವೆ. ಅಷ್ಟರಲ್ಲಿ ಮಳೆ ಬಿದ್ದು, ಬಿಸಿಲು ಕಾಯ್ದು, ಮಲವು ಕರಗಿ ಕಣ್ಣಿಗೆ ಕಾಣದಂತಾಗಿರುತ್ತದೆ. ತತ್ತಿಗಳು ಮಾತ್ರ ಮಣ್ಣಿನಲ್ಲಿಯೇ ಉಳಿಯುತ್ತವೆ. ಅವುಗಳ ಹೊರಕವಚ ಬಹಳ ಗಟ್ಟಿಯಾದದ್ದು. ಅನುಕೂಲವಾದ ನೆಲದಲ್ಲಿ ಅವು ವರ್ಷಗಟ್ಟಲೆ ಜೀವದಿಂದಿರಬಲ್ಲವು. ಒಂದು ಮಿಲಿಮೀಟರಿನ ಹತ್ತನೆಯ ಒಂದು ಭಾಗಕ್ಕಿಂತಲೂ ಕಿರಿದಾದ ಅವುಗಳನ್ನು ಹುಡುಕಿ ಹೆಕ್ಕಲು ಯಾವ ತೋಟಗಾರನಿಂದಲೂ ಆಗದು.

ಹೀಗಾಗಿ, ಅಸಹ್ಯವಾಗಿ ಕಾಣುವ ಹಸಿ ಮಲವು ಈ ಹುಳುವಿನ ಮಟ್ಟಿಗೆ ಇನ್ನೂ ನಿರಪಾಯಕಾರಿ. ಶುಭ್ರವಾಗಿ ಕಾಣುವ ಹುಲ್ಲುನೆಲವೇ ಅಪಾಯಕಾರಿ! ಮಗುವು ಆ ಮಣ್ಣಿನಲ್ಲಿ ಆಡಿ, ಕೈಯನ್ನು ಬಾಯಿಗಿಟ್ಟಾಗ ತತ್ತಿಗಳು ಹೊಟ್ಟೆಯನ್ನು ಸೇರುತ್ತವೆ. ಅಲ್ಲಿ ಒಡೆದು ಹೊರಬಂದ ಮರಿಹುಳುಗಳು ಕರುಳನ್ನು ಕೊರೆದು, ರಕ್ತದೊಡನೆ ಯಕೃತ್ತು, ಶ್ವಾಸಕೋಶ ಮುಂತಾದ ಅಂಗಗಳಿಗೆ ಹೋಗುತ್ತವೆ. ಮನುಷ್ಯನ ದೇಹ ಅವುಗಳಿಗೆ ಪರಸ್ಥಳ. ಅಲ್ಲಿ ಅವು ಪೂರ್ಣವಾಗಿ ಬೆಳೆಯಲಾರವು. ದಾರಿತಪ್ಪಿದ ಪ್ರಯಾಣಿಕರಂತೆ ಅಲೆಯುತ್ತಿರುತ್ತವೆ. ಹೆಚ್ಚಿನವರಲ್ಲಿ ಇದರಿಂದ ಯಾವ ತೊಂದರೆಯೂ ತೋರದಿರಬಹುದು. ಆದರೆ ಒಂದೇ ಒಂದು ಹುಳು ಕಣ್ಣಿನ ಅಕ್ಷಿಪಟವನ್ನು ತಲುಪಿದರೂ ದೃಷ್ಟಿಗೆ ಕುಂದು ಬರಬಹುದು.

ಈ ಸಂಗತಿ ತಿಳಿದುಬಂದ ಬಗೆಯು ಮನಕಲಕುವಂತಹುದು. ಕಣ್ಣಿನೊಳಗೆ ಏಡಿಗಂತಿಯಿದೆಯೆಂಬ ಶಂಕೆಯಿಂದ ಅಮೆರಿಕದ ವೈದ್ಯರು ಕೆಲವು ಮಕ್ಕಳ ಕಣ್ಣುಗಳನ್ನು ಶಸ್ತ್ರಚಿಕಿತ್ಸೆಯಿಂದ ತೆಗೆದುಹಾಕಿದ್ದರು. ಅಂತಹ 46 ಕಣ್ಣುಗಳನ್ನು ಹೆಲೆನಾರ್ ವೈಲ್ಡರ್ ಎಂಬ ವಿಜ್ಞಾನಿಯು ಸೂಕ್ಷ್ಮದರ್ಶಕದಲ್ಲಿ ಪರೀಕ್ಷಿಸಿ, 24ರಲ್ಲಿ ದುಂಡುಹುಳುವಿನ ಮರಿಗಳನ್ನೋ ಅವುಗಳ ಕುರುಹುಗಳನ್ನೋ ಕಂಡು, 1950ರಲ್ಲಿ ವರದಿ ಮಾಡಿದರು. 1952ರಲ್ಲಿ ಪಾಲ್ ಬೀವರ್ ಮತ್ತು ಅವರ ಸಹೋದ್ಯೋಗಿಗಳು, ರೋಗಗ್ರಸ್ತರಾಗಿದ್ದ ಮೂವರು ಮಕ್ಕಳ ವಿಷಯವನ್ನು ವಿವರಿಸಿ, ಅಂಗಾಂಗಗಳಲ್ಲಿ ಅಲೆಯುತ್ತಿರುವ ಮರಿಹುಳುಗಳಿಗೂ ಟಾಕ್ಸೋಕಾರಕ್ಕೂ ಇರುವ ಸಂಬಂಧವನ್ನು ತೋರಿಸಿಕೊಟ್ಟರು.

ನಾಯಿಯ ಕರುಳಿನಲ್ಲಿರುವ ಕೊಕ್ಕೆಹುಳುವಿನ ಗಡಿಯಾರವಂತೂ ಇನ್ನೂ ವೇಗವಾಗಿ ಓಡುತ್ತದೆ. ಅದರ ತತ್ತಿಗಳು ತೇವದ ನೆಲದಲ್ಲಿ ಒಂದೆರಡು ದಿನಗಳಲ್ಲಿಯೇ ಒಡೆಯುತ್ತವೆ. ಹೊರಬಂದ ಮರಿಗಳು ಸುಮಾರು ಒಂದು ವಾರದಲ್ಲಿ ಬರಿಗಾಲಿನ ಚರ್ಮವನ್ನು ಹೊಗಲು ಸಿದ್ಧವಾಗುತ್ತವೆ. ಚರ್ಮದಡಿಯಲ್ಲಿ ಅವು ಹರಿದಾಡಿದ ದಾರಿಯು ಕೆಂಪು ಗೆರೆಯಾಗಿ ಎದ್ದು ವಿಪರೀತ ತುರಿಸುತ್ತದೆ.

ಇಷ್ಟನ್ನು ತಿಳಿದ ಮೇಲೆ ನಾಯಿಯ ಮಲವನ್ನು ಆ ಕ್ಷಣದಲ್ಲಿಯೇ ಏಕೆ ಎತ್ತಬೇಕೆಂಬುದು ಸ್ಪಷ್ಟವಾಗುತ್ತದೆ. ಆ ಹೊತ್ತಿನಲ್ಲಿ ಎಲ್ಲ ತತ್ತಿಗಳೂ ಒಂದೆಡೆ ಇವೆ; ಅವು ಇನ್ನೂ ಬಲಿತಿಲ್ಲ. ಒಂದು ಹಳೆಯ ಪತ್ರಿಕೆಯ ಹಾಳೆಯಿಂದ ಎತ್ತಿ, ಚೀಲದಲ್ಲಿ ಕಟ್ಟಿ ಕಸದ ತೊಟ್ಟಿಗೆ ಹಾಕುವುದು ಅರೆನಿಮಿಷದ ಕೆಲಸ. ಇದನ್ನು ಚರಂಡಿಗೆ ನೂಕಬಾರದು. ನೀರು ಅದನ್ನು ಮತ್ತೊಂದೆಡೆಗೆ ಒಯ್ಯುವುದಷ್ಟೇ. ಮನೆಗೆ ಬಂದು ಸಾಬೂನಿನಿಂದ ಕೈ ತೊಳೆಯಬೇಕು. ಎರಡು ವಾರದ ಮರಿಯಿಂದಲೇ ಪಶುವೈದ್ಯರ ಸಲಹೆಯಂತೆ ನಾಯಿಗೆ ಜಂತುಹುಳುವಿನ ಔಷಧಿಯನ್ನು ಕೊಡಿಸುತ್ತಿರಬೇಕು. ನ್ಯೂಯಾರ್ಕ್ ನಗರದಲ್ಲಿ ಮಲವನ್ನು ಎತ್ತುವ ಹೊಣೆ ಒಡೆಯನದೇ ಎಂಬ ಶಾಸನವು 1978ರ ಆಗಸ್ಟ್ 1ರಂದು ಜಾರಿಗೆ ಬಂದಿತು.

ಮೂಗಿನ ಲೋಕ, ಹಗ್ಗದ ಅಳತೆ

ಈಗ ಎರಡನೆಯ ಮಾತಿಗೆ ಬರೋಣ. "ಅದು ಏನೂ ಮಾಡುವುದಿಲ್ಲ" ಎಂಬುದು ಮನೆಯ ಮಟ್ಟಿಗೆ ನಿಜವಿರಬಹುದು. ಆದರೆ ಉದ್ಯಾನದಲ್ಲಿ ನಾಯಿಯ ಲೋಕವೇ ಬೇರೆ. ನಮ್ಮ ಮೂಗಿನಲ್ಲಿ ವಾಸನೆಯನ್ನು ಗ್ರಹಿಸುವ ಜೀವಕೋಶಗಳು ಸುಮಾರು ಐವತ್ತು ಲಕ್ಷವಿದ್ದರೆ, ನಾಯಿಯಲ್ಲಿ ಅವು ಇಪ್ಪತ್ತು ಕೋಟಿಯಷ್ಟಿವೆಯೆಂದು ಅಂದಾಜು. ಒಂದು ಮರದ ಬುಡವು ಅದಕ್ಕೆ ಹತ್ತಾರು ನಾಯಿಗಳು ಬರೆದಿಟ್ಟ ಪತ್ರವಿದ್ದಂತೆ. ಉದ್ಯಾನದಲ್ಲಿಯೇ ನೆಲೆಸಿರುವ ಬೀದಿನಾಯಿಗಳ ಗಡಿಗುರುತೂ ಅಲ್ಲಿರುತ್ತದೆ. ಇಷ್ಟೆಲ್ಲ ಸುದ್ದಿ ಒಮ್ಮೆಗೇ ಮೂಗಿಗೆ ಬಡಿದಾಗ ಒಡೆಯನ ಕರೆ ಅದರ ಕಿವಿಗೆ ಬಿದ್ದರೂ ಮನಸ್ಸಿಗೆ ಮುಟ್ಟದೆ ಹೋಗಬಹುದು. ಮೇಲಾಗಿ ಓಡುವುದನ್ನು ಅಟ್ಟುವುದು ಬೇಟೆಯ ವಂಶದ ಈ ಪ್ರಾಣಿಯ ಸಹಜಗುಣ. ಹೆದರಿದ ಮಗು ಓಡುತ್ತದೆ; ಓಡುವುದನ್ನು ಕಂಡ ನಾಯಿ ಹಿಂದೆಯೇ ಓಡುತ್ತದೆ. ಅದಕ್ಕೆ ಆಟ, ಇದಕ್ಕೆ ಪ್ರಾಣಸಂಕಟ!

ಆದುದರಿಂದ ನಾಯಿಗೆ ಕಟ್ಟಿದ ಹಗ್ಗವು ಬಂಧನವೆಂದು ಯಾರೂ ಮರುಗಬೇಕಾಗಿಲ್ಲ. ಅದು ಒಡೆಯನ ವಿವೇಕವನ್ನು ನಾಯಿಯ ಕೊರಳಿಗೆ ಮುಟ್ಟಿಸುವ ತಂತಿ. ನಾಯಿಯು ಕೂಗಿನ ಅಳತೆಯಲ್ಲಿದ್ದರೆ ಸಾಲದು, ಕೈಯ ಅಳತೆಯಲ್ಲಿರಬೇಕು. ಬಿಟ್ಟು ಓಡಿಸಬೇಕೆಂದಿದ್ದರೆ ಅದಕ್ಕೆಂದೇ ಬೇಲಿ ಹಾಕಿದ ಆವರಣಗಳುಂಟು. ಅಮೆರಿಕದ ಬರ್ಕ್ಲಿ ನಗರದಲ್ಲಿ 1979ರಲ್ಲಿ ಆರಂಭವಾದ ಓಲೋನಿ ನಾಯಿ ಉದ್ಯಾನವು ಇಂತಹವುಗಳಲ್ಲಿ ಮೊದಮೊದಲಿನದು.

ಉಳಿದವರಿಗೂ ಕೆಲವು ಕರ್ತವ್ಯಗಳಿವೆ. ಅಪರಿಚಿತ ನಾಯಿಯನ್ನು ಮುಟ್ಟುವ ಮೊದಲು ಒಡೆಯನ ಅನುಮತಿಯನ್ನು ಕೇಳಬೇಕು. ಅದರ ಕಣ್ಣಿನಲ್ಲಿ ಕಣ್ಣಿಟ್ಟು ದಿಟ್ಟಿಸಬಾರದು. ನಾಯಿಯ ಭಾಷೆಯಲ್ಲಿ ಅದು ಸವಾಲು. ನಾಯಿ ಮೇಲೇರಿ ಬಂದರೆ ಓಡದೆ, ಕೈಗಳನ್ನು ಮೈಗೆ ಸೇರಿಸಿಕೊಂಡು ಮರದಂತೆ ನಿಲ್ಲಬೇಕು. ಮಲಗಿರುವ, ತಿನ್ನುತ್ತಿರುವ, ಮರಿಗಳಿಗೆ ಹಾಲೂಡಿಸುತ್ತಿರುವ ನಾಯಿಯ ಗೊಡವೆಗೇ ಹೋಗಬಾರದು.

ಇಷ್ಟಾದರೂ ಒಮ್ಮೊಮ್ಮೆ ಕಚ್ಚುವುದುಂಟು. ಆಗ ಏಳುವ ಮೊದಲ ಪ್ರಶ್ನೆ ಹುಚ್ಚುನಾಯಿ ರೋಗದ್ದು. 1885ರ ಜುಲೈ 6ರಂದು ಲೂಯಿ ಪಾಸ್ಚರ್ ಒಂಬತ್ತು ವರ್ಷದ ಜೋಸೆಫ್ ಮೈಸ್ಟರನಿಗೆ ಚುಚ್ಚುಮದ್ದು ಕೊಡಿಸಿದಂದಿನಿಂದ ಈ ರೋಗವನ್ನು ತಡೆಯುವ ದಾರಿ ಮನುಷ್ಯನಿಗೆ ತಿಳಿದಿದೆ. ಆದರೆ ರೋಗದ ಚಿಹ್ನೆಗಳು ಕಾಣಿಸಿಕೊಂಡ ಮೇಲೆ ಬದುಕುವವರು ಅತಿ ವಿರಳ. ಕಚ್ಚಿದ ಗಾಯವನ್ನು ಕೂಡಲೇ ಸಾಬೂನು ಮತ್ತು ಹರಿಯುವ ನೀರಿನಿಂದ ಹದಿನೈದು ನಿಮಿಷ ತೊಳೆದು, ತಡಮಾಡದೆ ವೈದ್ಯರನ್ನು ಕಾಣಬೇಕು. ನಾಯಿಗೆ ಮೂರು ತಿಂಗಳ ವಯಸ್ಸಿನಲ್ಲಿ ಮೊದಲ ಲಸಿಕೆಯನ್ನೂ ಬಳಿಕ ಪಶುವೈದ್ಯರು ಹೇಳಿದ ಕಾಲಕ್ಕೆ ಮುಂದಿನವುಗಳನ್ನೂ ಹಾಕಿಸುವುದು ಒಡೆಯನ ಹೊಣೆ.

ಕಾಣದವರ ಪರವಾಗಿ

ಮೇಲೆ ಹೇಳಿದ ನಿಯಮಗಳನ್ನೆಲ್ಲ ಒಟ್ಟಿಗಿಟ್ಟು ನೋಡಿದರೆ ಒಂದು ಸಾಮಾನ್ಯ ತತ್ತ್ವ ಗೋಚರಿಸುತ್ತದೆ. ಪ್ರತಿಯೊಂದೂ ಮುಂಚಿತವಾಗಿ ಮಾಡಬೇಕಾದುದು. ತತ್ತಿ ಬಲಿಯುವ ಮುಂಚೆ ಮಲವನ್ನು ಎತ್ತಬೇಕು. ನಾಯಿ ನೆಗೆಯುವ ಮುಂಚೆ ಹಗ್ಗವನ್ನು ಹಿಡಿದಿರಬೇಕು. ಕಚ್ಚುವ ಮುಂಚೆ ಲಸಿಕೆ ಹಾಕಿಸಿರಬೇಕು. ಸಮಯ ಮೀರಿದ ಮೇಲೆ ಮಣ್ಣನ್ನು ಸೋಸಲಾಗದು, ಮಗುವಿನ ಭಯವನ್ನು ಅಳಿಸಲಾಗದು.

ಈ ಮುಂಜಾಗ್ರತೆ ವಹಿಸದಿದ್ದಾಗ ಏನಾಗುತ್ತದೆ? 2022ರಲ್ಲಿ ಕಬ್ಬನ್ ಪಾರ್ಕಿನಲ್ಲಿ, ಸರಪಳಿಯಿಲ್ಲದ ನಾಯಿಗಳ ಮತ್ತು ಎತ್ತದೆ ಬಿಟ್ಟ ಮಲದ ವಿಷಯವಾಗಿ ದೂರುಗಳು ಬಂದುದರಿಂದ, ಸಾಕುಪ್ರಾಣಿಗಳ ಪ್ರವೇಶವನ್ನೇ ನಿಷೇಧಿಸುವ ಯೋಚನೆ ನಡೆಯಿತು. ಪ್ರಾಣಿಪ್ರಿಯರ ಆಕ್ಷೇಪದಿಂದ ಅದನ್ನು ತಡೆಹಿಡಿಯಲಾಯಿತು. ಕೆಲವರ ಅಲಕ್ಷ್ಯಕ್ಕೆ ಎಲ್ಲ ನಾಯಿಗಳೂ ದಂಡ ತೆರುವ ಸಂದರ್ಭ ಬಂದೊದಗಿತ್ತೆಂಬುದನ್ನು ಮರೆಯಬಾರದು. ಕಾನೂನೂ ಸುಮ್ಮನಿಲ್ಲ. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯ 291ನೆಯ ಪ್ರಕರಣದಂತೆ, ತನ್ನ ವಶದಲ್ಲಿರುವ ಪ್ರಾಣಿಯಿಂದ ಪರರ ಪ್ರಾಣಕ್ಕೆ ಅಪಾಯವೋ ತೀವ್ರ ಗಾಯವೋ ಒದಗದಂತೆ ಎಚ್ಚರ ವಹಿಸದವನು ಶಿಕ್ಷೆಗೆ ಗುರಿಯಾಗುತ್ತಾನೆ.

ಆದರೆ ಮರದ ಮರೆಯಲ್ಲಿ ನಡೆದುದನ್ನು ಯಾವ ಕಾವಲುಗಾರನು ಕಂಡಾನು? ಅದರಿಂದ ನೋಯುವ ಮಗುವೂ ಆಗ ಅಲ್ಲಿರುವುದಿಲ್ಲ. ಒಂದು ತಿಂಗಳ ಬಳಿಕ, ನಗುತ್ತ, ಆ ಹುಲ್ಲಿನ ಮೇಲೆ ಬಂದು ಕೂರುತ್ತದೆ. ಎದುರಿಗಿರುವವನು ಗದರಿಸಿಯಾನೆಂದು ಸಭ್ಯರಾಗಿರುವುದು ಸುಲಭ. ಎದುರಿಗಿಲ್ಲದ, ಎಂದೂ ನಮ್ಮ ಹೆಸರು ತಿಳಿಯದ ಆ ಮಗುವಿನ ಸಲುವಾಗಿ ಬಾಗಿ ನೆಲವನ್ನು ಶುಚಿಮಾಡುವುದು ಅದಕ್ಕಿಂತ ಹೆಚ್ಚಿನದು. ಮಣಲೆರನು ತನ್ನ ಕಾಳಿಗಾಗಿ ಕಲ್ಲನ್ನೇ ನಿಲ್ಲಿಸಿದನು. ನಮ್ಮಿಂದ ಬಯಸುವುದು ಅಷ್ಟಲ್ಲ. ನಮ್ಮ ನಾಯಿ ನಡೆದುಹೋದ ನೆಲದಲ್ಲಿ ಅದರ ಹೆಜ್ಜೆಗುರುತಿನ ಹೊರತು ಬೇರೇನನ್ನೂ ಉಳಿಸದಿದ್ದರೆ ಸಾಕು.