ಹಳೆ ಹಂಚಿನ ಮನೆಗೆ ಬಣ್ಣ: ಡಬ್ಬ ತೆರೆಯುವ ಮುನ್ನ ತಿಳಿದಿರಬೇಕಾದ ವಿಷಯಗಳು

ಮಂಜೇಶ್ವರ, ಉಪ್ಪಳ, ಕುಂಬಳೆ ಕಡೆಯ ಹಳೆ ಹಂಚಿನ ಮನೆಗಳಿಗೆ ಬಣ್ಣದ ಯೋಗ ಬರುವುದು ಹೆಚ್ಚಾಗಿ ಎರಡು ಸಂದರ್ಭದಲ್ಲಿ. ಮನೆಯಲ್ಲಿ ಮದುವೆ ನಿಶ್ಚಯವಾದಾಗ, ಇಲ್ಲವೇ ಗಲ್ಫ್‌ನಲ್ಲಿರುವ ಮಗ ರಜೆಗೆ ಬರುವಾಗ. ಎರಡರಲ್ಲೂ ಅವಸರವೇ. ವಾಟ್ಸಾಪ್‌ನಲ್ಲಿ ಬಂದ ಫೋಟೊ ನೋಡಿ ಬಣ್ಣ ಫಿಕ್ಸ್ ಮಾಡುತ್ತಾರೆ. ಎರಡು ಮಳೆಗಾಲ ಕಳೆಯುವಷ್ಟರಲ್ಲಿ ಗೋಡೆ ಕಪ್ಪಾಗಿ, ಬಣ್ಣ ಹಪ್ಪಳದ ಹಾಗೆ ಎದ್ದು ಬರುತ್ತದೆ. ಬೆವರು ಸುರಿಸಿ ಕಳಿಸಿದ ದುಡ್ಡು ಹೀಗೆ ಉದುರಬಾರದು ಅಂತಿದ್ದರೆ ಕೆಲವು ವಿಷಯ ಗೊತ್ತಿರಬೇಕು.

ಮೊದಲು ಗೋಡೆ, ಆಮೇಲೆ ಬಣ್ಣ

ನಮ್ಮ ಹಳೆ ಮನೆಗಳ ಗೋಡೆ ಮುರಕಲ್ಲಿನದು. ಈ ಕಲ್ಲಿನಲ್ಲಿ ಸಣ್ಣ ಸಣ್ಣ ತೂತುಗಳಿವೆ, ನೀರು ಕುಡಿಯುತ್ತದೆ. ಹಿಂದಿನವರು ಸುಣ್ಣದ ಗಾರೆ ಹಾಕಿ, ವರ್ಷಕ್ಕೊಮ್ಮೆ ಸುಣ್ಣ ಬಳಿಯುತ್ತಿದ್ದರು. ಸುಣ್ಣದ ಮೂಲಕ ಗೋಡೆಯೊಳಗಿನ ತೇವ ಆವಿಯಾಗಿ ಹೊರಗೆ ಹೋಗುತ್ತದೆ. ಈಗಿನ ದಪ್ಪ ಪ್ಲಾಸ್ಟಿಕ್ ಇಮಲ್ಷನ್ ಆ ದಾರಿಯನ್ನು ಬಹುಮಟ್ಟಿಗೆ ಮುಚ್ಚುತ್ತದೆ. ನೆಲದಿಂದ ಮೇಲೇರಿದ ನೀರು ಬಣ್ಣದ ಹಿಂದೆ ನಿಂತು, ಅದನ್ನೇ ತಳ್ಳಿ ಹಾಕುತ್ತದೆ. ಜೊತೆಗೆ ಉಪ್ಪಿನ ಬಿಳಿ ಪುಡಿಯೂ ಕಾಣಿಸಿಕೊಳ್ಳುತ್ತದೆ.

ಇದಕ್ಕೊಂದು ಸುಲಭ ಪರೀಕ್ಷೆ ಇದೆ. ಒಂದು ಅಡಿ ಚೌಕದ ಪ್ಲಾಸ್ಟಿಕ್ ಹಾಳೆಯನ್ನು ಗೋಡೆಗಿಟ್ಟು ನಾಲ್ಕೂ ಬದಿಗೆ ಟೇಪ್ ಅಂಟಿಸಿ. ಮರುದಿನ ತೆಗೆದಾಗ ಒಳಬದಿಯಲ್ಲಿ ನೀರಿನ ಹನಿ ಇದ್ದರೆ ಗೋಡೆ ಇನ್ನೂ ಒಣಗಿಲ್ಲ. ಒಡೆದ ಹಂಚು ಬದಲಿಸಿ, ಗೋಡೆಯ ಬುಡದಲ್ಲಿ ನಿಲ್ಲುವ ನೀರಿಗೆ ದಾರಿ ಮಾಡಿ, ಆಮೇಲೆ ಬಣ್ಣದ ಯೋಚನೆ ಮಾಡಿ. ಹಳೆ ಸುಣ್ಣದ ಮೇಲೆ ಇಮಲ್ಷನ್ ಹಾಕುವುದೇ ಆದರೆ ಪುಡಿಯಾಗುವ ಪದರವನ್ನೆಲ್ಲ ಕೆರೆದು, ಪ್ರೈಮರ್ ಹಾಕದೆ ಮುಂದುವರಿಯಬೇಡಿ. ಗಾರೆ ಸುಣ್ಣದ್ದೇ ಆಗಿದ್ದು ಗಟ್ಟಿಯಾಗಿದ್ದರೆ ಮತ್ತೆ ಸುಣ್ಣವನ್ನೇ ಬಳಿಯುವುದರಲ್ಲಿ ನಾಚಿಕೆ ಪಡುವಂಥದ್ದೇನೂ ಇಲ್ಲ.

ಮನೆಯಲ್ಲಿ ಆಗಲೇ ಇರುವ ಬಣ್ಣ ನೋಡಿ

ಮಂಗಳೂರು ಹಂಚು 1865ರಲ್ಲಿ ಬಾಸೆಲ್ ಮಿಷನ್‌ನವರು ಜೆಪ್ಪುವಿನಲ್ಲಿ ಕಾರ್ಖಾನೆ ಶುರು ಮಾಡಿದಂದಿನಿಂದ ನಮ್ಮ ಕರಾವಳಿಯ ಮಾಡಿನ ಬಣ್ಣವೇ ಆಗಿದೆ. ಆ ಕೆಂಪು, ಜಗಲಿಯ ಕಾವಿ ನೆಲ, ಅಂಗಳದ ಮಣ್ಣು, ಇವು ಮೂರೂ ಬದಲಾಗುವುದಿಲ್ಲ. ಗೋಡೆಯ ಬಣ್ಣ ಇವುಗಳ ಜೊತೆ ಹೊಂದಬೇಕು. ಕೆನೆ ಬಿಳಿ, ತಿಳಿ ಮರಳಿನ ಬಣ್ಣ, ಬೂದಿ ಬೆರೆತ ತಿಳಿ ಹಸಿರು ಚೆನ್ನಾಗಿ ಹೊಂದುತ್ತವೆ. ನೇರಳೆ, ಗುಲಾಬಿ, ಗಿಳಿ ಹಸಿರು ಕೆಂಪು ಹಂಚಿನ ಕೆಳಗೆ ಜಗಳಕ್ಕೆ ನಿಂತ ಹಾಗೆ ಕಾಣುತ್ತವೆ. ಗಾಢ ಬಣ್ಣ ಬಿಸಿಲನ್ನು ಹೆಚ್ಚು ಹೀರುವುದರಿಂದ ಏಪ್ರಿಲ್‌ನಲ್ಲಿ ಒಳಗೆ ಕೂರುವ ಉಮ್ಮನಿಗೇ ಸೆಕೆ.

ಈ ಮನೆಗಳು ಒಂದೇ ಅಂತಸ್ತು, ಉದ್ದಕ್ಕೆ ಹರಡಿಕೊಂಡಿರುತ್ತವೆ, ಮಾಡು ತಗ್ಗಾಗಿರುತ್ತದೆ. ಕಂಬಕ್ಕೊಂದು, ಕಿಟಕಿಗೊಂದು ಬಣ್ಣ ಹಾಕಿದರೆ ಮನೆ ತುಂಡು ತುಂಡಾಗಿ ಕಾಣುತ್ತದೆ. ಮೂರೇ ಬಣ್ಣ ಸಾಕು: ಗೋಡೆಗೆ ತಿಳಿಯದು, ಬಾಗಿಲು ಕಿಟಕಿಗೆ ಕಂದು ಅಥವಾ ಕಡು ಹಸಿರು, ಗೋಡೆಯ ಬುಡದಿಂದ ಎರಡು ಅಡಿಯವರೆಗೆ ಕಾವಿ. ಮಾಡಿನ ನೀರು ಬಿದ್ದು ಕೆಸರು ಹಾರುವುದು ಅಲ್ಲಿಗೇ. ಕಾವಿ ಪಟ್ಟಿಯಲ್ಲಿ ಕಲೆ ಕಾಣುವುದಿಲ್ಲ.

ಗೋಡೆಯಲ್ಲೇ ನೋಡಿ ಆರಿಸಿ

ಮೊಬೈಲ್ ಪರದೆಯ ಬಣ್ಣವೂ ಗೋಡೆಯ ಬಣ್ಣವೂ ಒಂದೇ ಅಲ್ಲ. ಸಣ್ಣ ಕಾರ್ಡಿನಲ್ಲಿ ತಿಳಿಯಾಗಿ ಕಂಡದ್ದು ದೊಡ್ಡ ಗೋಡೆಯಲ್ಲಿ ಇನ್ನಷ್ಟು ಎದ್ದು ಕಾಣುತ್ತದೆ. ಅತಿ ಸಣ್ಣ ಡಬ್ಬ ತಂದು ಎರಡು ಗೋಡೆಗಳಲ್ಲಿ ಎರಡಡಿ ಚೌಕ ಬಳಿಯಿರಿ. ಬೆಳಿಗ್ಗೆ, ಮಧ್ಯಾಹ್ನ, ಅಸರ್ ಹೊತ್ತಿಗೆ ನೋಡಿ. ಮಗ ದುಬೈಯಲ್ಲಿದ್ದರೂ ಕೊನೆಯ ಮಾತು ದಿನವೂ ಆ ಮನೆ ನೋಡುವವರದ್ದಾಗಲಿ.

ಲೆಕ್ಕ

40 ಅಡಿ ಉದ್ದ, 25 ಅಡಿ ಅಗಲದ ಮನೆಯ ಸುತ್ತಳತೆ 130 ಅಡಿ. ಎತ್ತರ 9 ಅಡಿ ಆದರೆ 1,170 ಚದರ ಅಡಿ. ಬಾಗಿಲು ಕಿಟಕಿಗೆ 150 ಕಳೆದರೆ 1,020. ಎರಡು ಕೋಟಿಗೆ ಲೀಟರಿಗೆ ಸುಮಾರು 50 ಚದರ ಅಡಿ ಹಿಡಿದರೆ 20 ಲೀಟರಿನ ಒಂದು ಬಕೆಟ್, ಮೇಲೆ ಸ್ವಲ್ಪ. ಗೋಡೆ ಒರಟಾಗಿದ್ದರೆ ಇನ್ನೂ ಹೆಚ್ಚು ಬೇಕು. ಲೆಕ್ಕ ಕೈಯಲ್ಲಿಟ್ಟುಕೊಂಡು ಅಂಗಡಿಗೆ ಹೋದರೆ ಹೆಚ್ಚುವರಿ ಡಬ್ಬ ಮನೆಯ ಮೂಲೆಯಲ್ಲಿ ಒಣಗುವುದಿಲ್ಲ. ಅದೂ ಇಸ್ರಾಫೇ ತಾನೆ?

ಮಕ್ಕಳಿದ್ದರೆ ಎಚ್ಚರ

ಹಳೆ ಬಾಗಿಲು, ಕಿಟಕಿಗಳ ಎನಾಮೆಲ್ ಬಣ್ಣದಲ್ಲಿ ಸೀಸ ಇರುವ ಸಾಧ್ಯತೆ ಇದೆ. 2016ರ ಕೇಂದ್ರ ನಿಯಮ ಮನೆ ಬಳಕೆಯ ಬಣ್ಣದಲ್ಲಿ ಸೀಸವನ್ನು 90 ಪಿಪಿಎಂಗೆ ಮಿತಿಗೊಳಿಸಿದೆ, ಆದರೆ ಅದಕ್ಕಿಂತ ಹಿಂದೆ ಬಳಿದದ್ದು ಮರದ ಮೇಲೆ ಹಾಗೇ ಇದೆ. ಸೀಸದ ಧೂಳು ಮಕ್ಕಳ ಮೆದುಳಿನ ಬೆಳವಣಿಗೆಗೆ ಹಾನಿ ಮಾಡುತ್ತದೆ. ಒಣಗಿದ್ದಾಗ ಉಜ್ಜಬೇಡಿ, ನೀರು ಹಾಕಿ ಉಜ್ಜಿಸಿ. ಪೈಂಟರ್‌ಗೆ ಮಾಸ್ಕ್ ಕೊಡಿ. ಮಕ್ಕಳು, ಗರ್ಭಿಣಿಯರು ಆ ದಿನಗಳಲ್ಲಿ ಬೇರೆ ಕಡೆ ಇರಲಿ. ಉದುರಿದ್ದನ್ನು ಒದ್ದೆ ಬಟ್ಟೆಯಲ್ಲಿ ಒರೆಸಿ ತೆಗೆಯಿರಿ, ಗುಡಿಸಬೇಡಿ.

ಯಾವಾಗ?

ತುಲಾ ಮಳೆ ಮುಗಿದು ಗೋಡೆ ಒಣಗಿದ ಮೇಲೆ, ಡಿಸೆಂಬರ್ ಕೊನೆಯಿಂದ ಏಪ್ರಿಲ್‌ವರೆಗೆ ಒಳ್ಳೆ ಸಮಯ. ಮದುವೆ ಮೇ ತಿಂಗಳಲ್ಲಿದ್ದರೆ ಫೆಬ್ರವರಿಯಲ್ಲೇ ಪೈಂಟರ್‌ನನ್ನು ಹೇಳಿಟ್ಟುಕೊಳ್ಳಿ. ಹೊಸದಾಗಿ ಸಿಮೆಂಟ್ ಸಾರಣೆ ಮಾಡಿಸಿದ ಭಾಗಕ್ಕೆ ಕನಿಷ್ಠ 28 ದಿನ ಬಿಟ್ಟೇ ಬಣ್ಣ ಹಾಕಿಸಿ.